ಜೀವಂಧರಯ್ಯನವರು ಗಾಳಿಗೆ ಬಾಗಿಲು ಹಾಕಿದ್ದು

ಹಳೇಬೀಡಿನಲ್ಲಿ ಬಸದಿಯ ಕಡೆಗೆ ಹೋಗುವ ಬೀದಿಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದ ಜೀವಂಧರಯ್ಯನವರಿಗೆ ಹೊತ್ತುಹೊತ್ತಿಗೆ ಹಸಿವಾದ ಹಾಗೆ ಹೆದರಿಕೆಯೂ ಆಗುತ್ತಿತ್ತು. ಬಸ್ಸು ಹತ್ತಿದರೆ ಡ್ರೈವರಿಗೆ ಎಲ್ಲಿ ನಿದ್ದೆ ಬಂದೀತೋ ಎಂದು ಅವನ ಬೆನ್ನ ಹಿಂದೆಯೇ ಕೂತು ಹಗರೆ ದಾಟುವವರೆಗೂ ಮಾತಾಡಿಸುತ್ತಿದ್ದರು. ಆ ವರ್ಷ ಆಕಾಶದಿಂದ ಅಮೆರಿಕದವರ ಸ್ಕೈಲ್ಯಾಬ್ ನೌಕೆ ಬೀಳುತ್ತದೆಂದು ಊರಿಗೆ ಊರೇ ಹೆದರಿತ್ತು. ಅದು ಇನ್ನೆಲ್ಲೋ ಬಿದ್ದು ಊರು ಅದನ್ನು ಮರೆತ ಮೇಲೂ ಜೀವಂಧರಯ್ಯನವರು ಅಂಗಳ ದಾಟುವಾಗ ಒಮ್ಮೆ ಮೇಲೆ ನೋಡಿಕೊಳ್ಳುತ್ತಿದ್ದರು. ಒಂದು ಬಿದ್ದ ಮೇಲೆ ಇನ್ನೊಂದು ಬೀಳಬಾರದೆಂದು ಯಾರು ಬರೆದುಕೊಟ್ಟಿದ್ದಾರೆ ಎನ್ನುವುದು ಅವರ ವಾದ.

ಇಂಥ ಮನುಷ್ಯನ ಬಾಯಿಂದ ಜನ್ಮದಲ್ಲಿ ಒಂದೇ ಒಂದು ಸಲ ಜಂಬದ ಮಾತು ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಗಾದೆಯನ್ನು ಅವರೇ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಆದರೆ ಎದುರಿಗೆ ಕೂತವರು ಬೀಗರಾದಾಗ ಗಾದೆ ಯಾರಿಗೆ ನೆನಪಿರುತ್ತದೆ?

ಬೀಗರೆಂದರೆ ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಬ್ರಹ್ಮಪ್ಪನವರು. ನಿಯಮ ನಿಷ್ಠೆಯಲ್ಲಿ ಅವರನ್ನು ಮೀರಿಸಿದವರು ಸುತ್ತಿನಲ್ಲಿ ಇರಲಿಲ್ಲ. ಒಂದು ಮದುವೆಯಲ್ಲಿ ಪಾಯಸದ ಪಾತ್ರೆಯ ಹತ್ತಿರ ಒಂದು ಇರುವೆ ಓಡಾಡುತ್ತಿದೆ ಎಂದು ಎಲೆ ಬಿಟ್ಟು ಎದ್ದುಹೋದ ಮಹಾನುಭಾವರು. ಅವರ ಸೊಸೆ, ಎಂದರೆ ಜೀವಂಧರಯ್ಯನವರ ಒಬ್ಬಳೇ ಮಗಳು ಚಂದ್ರಪ್ರಭಾ, ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದು ಗಂಡು ಮಗುವನ್ನು ಹೆತ್ತಿದ್ದಳು. ನಾಮಕರಣದ ದಿನ ಹೋಳಿಗೆ ಉಂಡು ಜಗಲಿಯ ಮೇಲೆ ಕೂತ ಬ್ರಹ್ಮಪ್ಪನವರು ದೊಡ್ಡ ಕೆರೆಯ ಕಡೆಯಿಂದ ಬರುತ್ತಿದ್ದ ಮಾಗಿಯ ಗಾಳಿಗೆ ಶಾಲು ಹೊದ್ದುಕೊಂಡು, ಈ ಕೆರೆ ಗಾಳಿ ಬಾಣಂತಿಗೆ ತಾಗಿದರೆ ಜನ್ಮವಿಡೀ ತಲೆನೋವು, ಕೂಸಿಗೆ ತಾಗಿದರೆ ಕೇಳುವುದೇ ಬೇಡ, ಹಾಗಾಗಿ ತಾಯಿ ಮಗುವನ್ನು ಅರಸೀಕೆರೆಗೆ ಕರೆದುಕೊಂಡು ಹೋಗುವುದೇ ವಾಸಿ ಎಂದರು.

ಜೀವಂಧರಯ್ಯನವರು ಗಾಬರಿಯಾಗಿ ಎದ್ದು ನಿಂತರು. ಮೊಮ್ಮಗನನ್ನು ಅವರು ಇನ್ನೂ ಕಣ್ತುಂಬ ನೋಡಿರಲಿಲ್ಲ. ಕೈಯಿಂದ ಜಾರಿಬಿಟ್ಟರೆ ಎಂದು ಹೆದರಿ ಎತ್ತಿಕೊಂಡೂ ಇರಲಿಲ್ಲ. ಮಗಳನ್ನು ಬಾಣಂತನದ ನಡುವೆ ಕಳಿಸಿಕೊಟ್ಟರೆ ಊರಿಗೆ ಯಾವ ಮುಖ ತೋರಿಸುವುದು? ಆ ಗಾಬರಿಯಲ್ಲಿ ಮಾತು ಹೊರಗೆ ಬಿತ್ತು.

"ನಮ್ಮನೆ ಬಾಣಂತಿ ಕೋಣೆ ಒಳಗೆ ಒಂದು ಎಳೆ ಗಾಳಿ ಬಂದರೆ ಕೇಳಿ ಬೀಗರೇ, ನಾನೇ ತಂದು ಬಿಡ್ತೀನಿ ಅರಸೀಕೆರೆಗೆ."

ಬ್ರಹ್ಮಪ್ಪನವರು ತಲೆಯಾಡಿಸಿದರು. ಸಂಕ್ರಾಂತಿಗೆ ಮುಂಚೆ ಒಂದು ದಿನ ಬಂದು ನೋಡುತ್ತೇನೆ, ಗಾಳಿ ಬರುತ್ತಿದ್ದರೆ ಅವತ್ತೇ ಕರೆದೊಯ್ಯುತ್ತೇನೆ ಎಂದು ಹೇಳಿ ಬಸ್ಸು ಹತ್ತಿದರು.

ಕೋಣೆಯೋ, ಜೀವಂಧರಯ್ಯನವರ ತಾತನ ಕಾಲದ್ದು. ಜೋಡಿ ಹಲಗೆಯ ಬಾಗಿಲಿನ ಎರಡು ಹಲಗೆಗಳು ಅಣ್ಣತಮ್ಮಂದಿರಂತೆ ಮುಖ ತಿರುಗಿಸಿಕೊಂಡಿದ್ದವು. ಕಿಟಕಿಯ ಚೌಕಟ್ಟಿಗೂ ಗೋಡೆಗೂ ಸಂಬಂಧ ಕಡಿದು ಬಹಳ ಕಾಲವಾಗಿತ್ತು. ಜೀವಂಧರಯ್ಯನವರು ಊದುಬತ್ತಿ ಹಚ್ಚಿಕೊಂಡು ಸಂದಿಸಂದಿಗೂ ಹಿಡಿದು ನೋಡಿದರು. ಹಿಡಿದಲ್ಲೆಲ್ಲ ಹೊಗೆ ಬಳುಕಿ ಒಳಗೆ ಓಡುತ್ತಿತ್ತು. ಗಾಳಿ ಇಷ್ಟು ದಿನ ತಮ್ಮ ಮನೆಯಲ್ಲಿ ಬಾಡಿಗೆ ಇಲ್ಲದೆ ವಾಸವಾಗಿತ್ತು ಎಂದು ಅವರಿಗೆ ಅವತ್ತು ಗೊತ್ತಾಯಿತು.

ಮೊದಲು ಹಳೇ ಬಟ್ಟೆ ತುರುಕಿದರು. ಬೆಕ್ಕು ಅದನ್ನು ಎಳೆದು ಅಂಗಳದಲ್ಲಿ ಹರವಿತು. ಆಮೇಲೆ ಮೈದಾ ಅಂಟು ಕಾಯಿಸಿ ಹಳೇ ಪೇಪರು ಅಂಟಿಸಿದರು. ಕೆರೆಯ ಗಾಳಿ ಆ ಪೇಪರನ್ನು ಪೀಪಿಯ ಹಾಗೆ ಊದಿ ಮಗುವನ್ನು ಎಬ್ಬಿಸಿತು. ಆಗ ಅವರಿಗೆ ಗಾರೆಯ ನೆನಪಾಯಿತು. ಹಿಂದಿನವರು ಸುಣ್ಣಕ್ಕೆ ಬೆಲ್ಲದ ನೀರು ಹಾಕಿ ಅರೆದು ಗಾರೆ ಮಾಡುತ್ತಿದ್ದರೆಂದು ಅವರ ತಂದೆ ಹೇಳುತ್ತಿದ್ದರು. ಗಾರೆ ಕೆಲಸದವನನ್ನು ಕರೆಸಿದರೆ ಸಂದಿಯ ಸುದ್ದಿ ಬೀಗರ ಕಿವಿಗೆ ಬಿದ್ದೀತೆಂದು ತಾವೇ ಕೈಹಾಕಿದರು. ಹಾಕುವಾಗ ಇನ್ನೊಂದು ಹೆದರಿಕೆ ಬಂತು. ಸುಣ್ಣದ ಧೂಳು ಕೂಸಿನ ಕಣ್ಣಿಗೆ ಬಿದ್ದರೆ? ಸುಣ್ಣವನ್ನು ಬಿಟ್ಟು ಅದರ ಜಾಗಕ್ಕೆ ರಾಗಿ ಹಿಟ್ಟು ಹಾಕಿದರು. ಸುಣ್ಣವಿಲ್ಲದೆ ಹಿಡಿತ ಬರುವುದಿಲ್ಲವೆಂದು ಬೆಲ್ಲ ಹೆಚ್ಚು ಮಾಡಿದರು. ಅಂಗಡಿಯಲ್ಲಿ ಮಳೆಗಾಲದಲ್ಲಿ ನೀರು ಬಿಟ್ಟ ಬೆಲ್ಲ ಹೇಗೂ ಇತ್ತು. ಗಂಡಸಿ ಸಂತೆಯಿಂದ ತರಿಸಿದ ತೆಂಗಿನ ನಾರನ್ನು ಅದರಲ್ಲಿ ಕಲಸಿ, ಉಂಡೆ ಮಾಡಿ, ಕಿಟಕಿಯ ಸುತ್ತ, ಬಾಗಿಲ ಚೌಕಟ್ಟಿನ ಸುತ್ತ, ಹಲಗೆಗಳ ನಡುವೆ ಒತ್ತಿ ಒತ್ತಿ ತುಂಬಿದರು. ಮೇಲಿನ ಗವಾಕ್ಷಿಗೆ ಗೋಣಿತಾಟು ಹೊಡೆದು ಅದಕ್ಕೂ ಅದನ್ನೇ ಬಳಿದರು. ಪಕ್ಕದ ಮನೆಯ ಬೋರಮ್ಮ ಇಣುಕಿ ನೋಡಿ, ಯಜಮಾನರು ಮನೆಗೆ ಕಜ್ಜಾಯದ ಪಾಕ ಬಳಿದವರೆ ಎಂದು ಬೀದಿಗೆಲ್ಲ ಹೇಳಿಬಂದಳು.

ಹೆಂಡತಿ ಶೀಲಾವತಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು ಎಲ್ಲವನ್ನೂ ನೋಡಿದರು.

"ಗಾಳಿ ಒಳಗೆ ಬರೋ ದಾರಿ ಮುಚ್ಚಿದ್ರಿ, ಸರಿ. ನಾವು ಹೊರಗೆ ಬರೋ ದಾರಿ ಏನಾದರೂ ಇಟ್ಟಿದ್ದೀರಾ?"

ಜೀವಂಧರಯ್ಯನವರು ಬಾಗಿಲನ್ನು ತೆಗೆದು ಹಾಕಿ ತೋರಿಸಿದರು. ಪಾಕ ಇನ್ನೂ ಹಸಿಯಾಗಿತ್ತು, ಬಾಗಿಲು ಬೆಣ್ಣೆಯಲ್ಲಿ ಜಾರಿದ ಹಾಗೆ ಕೂತಿತು. ಮತ್ತೆ ಊದುಬತ್ತಿ ಹಿಡಿದರು. ಹೊಗೆ ಕಡ್ಡಿಯ ಹಾಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಜೀವಂಧರಯ್ಯನವರು ಅವತ್ತು ಹೆದರಿಕೆಯಿಲ್ಲದೆ ನಿದ್ದೆ ಮಾಡಿದರು.

ಮಾರನೆಯ ದಿನ ಅರಸೀಕೆರೆಯಿಂದ ಬಂದ ಬೆಳಗಿನ ಬಸ್ಸಿನ ಕಂಡಕ್ಟರು ಅಂಗಡಿಯ ಮುಂದೆ ತಲೆ ಹೊರಗೆ ಹಾಕಿ, ನಿಮ್ಮ ಬೀಗರು ಸಾಯಂಕಾಲದ ಗಾಡಿಗೆ ಬರುತ್ತಾರಂತೆ ಎಂದು ಕೂಗಿಹೋದ. ಮಧ್ಯಾಹ್ನ ಕಳೆದ ಮೇಲೆ ಜೀವಂಧರಯ್ಯನವರು ಅಂಗಡಿಗೆ ಹಲಗೆ ಹಾಕಿ ಮನೆಗೆ ಬಂದರು. ಬಾಣಂತಿಗೆ ಎಣ್ಣೆನೀರು ಹಾಕಿ, ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿಕೊಂಡು, ಸಾಂಬ್ರಾಣಿ ಹೊಗೆ ಕೊಡಲು ಶೀಲಾವತಮ್ಮ ಮಗಳು ಮೊಮ್ಮಗನ ಜೊತೆ ಕೋಣೆ ಸೇರಿ ಬಾಗಿಲು ಮುಚ್ಚಿಕೊಂಡಿದ್ದರು.

ಬಾಗಿಲು ನೋಡಿದ ಜೀವಂಧರಯ್ಯನವರಿಗೆ ಮೊದಲು ಅದು ಯಾವಾಗ ಕಪ್ಪು ಬಣ್ಣಕ್ಕೆ ತಿರುಗಿತೆಂದು ಅರ್ಥವಾಗಲಿಲ್ಲ. ಹತ್ತಿರ ಹೋದರು. ಬಣ್ಣ ಅಲುಗಾಡುತ್ತಿತ್ತು.

ಇರುವೆಗಳು. ಹೊಸ್ತಿಲಿನಿಂದ ಮೇಲಿನ ಪಟ್ಟಿಯವರೆಗೆ, ಹಲಗೆಗಳ ನಡುವಿನ ಸಂದಿಯಲ್ಲಿ, ತಿರುಗಣಿಯ ಮೂಲೆಯಲ್ಲಿ, ಎಲ್ಲೆಲ್ಲಿ ಪಾಕ ಇತ್ತೋ ಅಲ್ಲೆಲ್ಲ ಇರುವೆ. ಅಂಗಳದ ಹೊಂಗೆ ಮರದ ಬುಡದಿಂದ ನಡುಮನೆಯವರೆಗೆ ಮೆರವಣಿಗೆ ಇನ್ನೂ ಬರುತ್ತಿತ್ತು. ಆ ಬುಡಕ್ಕೆ ಪ್ರತಿದಿನ ಬೆಳಗ್ಗೆ ಸಕ್ಕರೆ ಬೆರೆಸಿದ ಹಿಟ್ಟು ಹಾಕುತ್ತಿದ್ದವರು ಯಾರೆಂದರೆ ಜೀವಂಧರಯ್ಯನವರೇ. ಹಿಂದಿನ ಚಾತುರ್ಮಾಸದಲ್ಲಿ ಊರಿಗೆ ಬಂದಿದ್ದ ಮುನಿಗಳ ಮುಂದೆ, ತಿಳಿದು ತಿಳಿದು ಒಂದು ಇರುವೆಯನ್ನೂ ಕೊಲ್ಲುವುದಿಲ್ಲವೆಂದು ಅವರು ವ್ರತ ಹಿಡಿದಿದ್ದರು. ಈಗ ಬಾಗಿಲನ್ನು ಒಂದು ಬೆರಳಿನಷ್ಟು ಅಲುಗಿಸಿದರೆ ಸಾವಿರಾರು ಜೀವ ಹಲಗೆಗಳ ನಡುವೆ ಅರೆದುಹೋಗುತ್ತಿತ್ತು.

ಜೀವಂಧರಯ್ಯನವರು ಎರಡು ಹೆಜ್ಜೆ ಹಿಂದೆ ಸರಿದರು. ಒಳಗಿದ್ದವರಿಗೆ ಬಾಗಿಲು ಮುಟ್ಟಬೇಡಿ ಎಂದು ಕೂಗಿ ಹೇಳಿದರು. ಶೀಲಾವತಮ್ಮ ಕಾರಣ ಕೇಳಿ ತಿಳಿದುಕೊಂಡರು. ಅವರೂ ಅದೇ ವ್ರತ ಹಿಡಿದವರು. ಆಮೇಲೆ, ಇರುವೆಗಳು ಊಟ ಮುಗಿಸಿ ಎದ್ದ ಮೇಲೆ ಹೇಳಿ, ನಮ್ಮ ಊಟ ಒಲೆಯ ಮೇಲಿದೆ ಎಂದು ಒಳಗಿನಿಂದ ಮಾತು ಬಂತು.

ಸುದ್ದಿ ತಿಳಿದು ಮೊದಲು ಬಂದವಳು ಬೋರಮ್ಮ. ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯಲ್ಲಿ ಸೀಮೆಎಣ್ಣೆ ಬುಡ್ಡಿ. ಜೀವಂಧರಯ್ಯನವರು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತರು.

"ನಿಮ್ಮ ಮನೇಲಿ ಮನುಸರು ಒಳಗವರೆ, ಇರುವೆ ಹೊರಗವೆ. ಕಾಯ್ತಾ ಇರೋದು ಯಾರ್ನ ಯಜಮಾನ್ರೇ?" ಎಂದಳು ಬೋರಮ್ಮ.

ಅವರು ಅಂಗಡಿಗೆ ಓಡಿ ಸಕ್ಕರೆ ತಂದು ಬಾಗಿಲಿನಿಂದ ಅಂಗಳದವರೆಗೆ ಸುರಿದರು, ಇರುವೆಗಳು ಹಿಂದಿರುಗಲಿ ಎಂದು. ಬಾಗಿಲಿನ ಇರುವೆ ಬಾಗಿಲಲ್ಲೇ ಉಳಿಯಿತು. ಸಕ್ಕರೆಗೆ ಹಿತ್ತಲಿನಿಂದ ಹೊಸ ಬಳಗ ಬಂತು. ಮೊದಲು ಒಂದು ಸಾಲಿದ್ದದ್ದು ಈಗ ಎರಡಾಯಿತು.

ಅಷ್ಟರಲ್ಲಿ ಮಲೇರಿಯಾ ಇನ್‌ಸ್ಪೆಕ್ಟರ್ ರೇವಣಸಿದ್ದಪ್ಪ ಹೆಗಲಿಗೆ ಪಂಪು ಹಾಕಿಕೊಂಡು ಬಂದರು. ವರ್ಷ ವರ್ಷ ಡಿಡಿಟಿ ಹೊಡೆಯಲು ಬಂದು, ವರ್ಷ ವರ್ಷ ಈ ಮನೆಯ ಜಗಲಿಯಿಂದಲೇ ಮಜ್ಜಿಗೆ ಕುಡಿದು ಹಿಂದಿರುಗಿದ್ದ ಅಧಿಕಾರಿ ಅವರು. ಇವತ್ತು ಅವರ ಮುಖದಲ್ಲಿ ಬಹಳ ದಿನ ಕಾದವನ ಗಾಂಭೀರ್ಯವಿತ್ತು. ಸರ್ಕಾರ ಎಲ್ಲರ ಬಾಗಿಲಿಗೂ ಒಂದು ದಿನ ಬರುತ್ತದೆ, ಒಂದು ಸಲ ಪಂಪು ಒತ್ತಿದರೆ ಮುಗಿಯಿತು ಎಂದರು. ಜೀವಂಧರಯ್ಯನವರು ಆ ಪಂಪನ್ನು ನೋಡಿ ಕಣ್ಣುಮುಚ್ಚಿಕೊಂಡು ಣಮೋಕಾರ ಮಂತ್ರ ಹೇಳತೊಡಗಿದರು. ಇನ್‌ಸ್ಪೆಕ್ಟರು ಪಂಪು ಇಳಿಸಿ ಅದರ ಮೇಲೆಯೇ ಕೂತರು. ಹೊರಗೆ ಜನ ಸೇರಿತ್ತು. ಇರುವೆಗೆ ದಾರಿ ಬಿಟ್ಟು ಎಲ್ಲರೂ ಒಂಟಿಕಾಲಲ್ಲಿ ನಿಂತಿದ್ದರು.

ಆಗ ಸಾಯಂಕಾಲದ ಬಸ್ಸು ಬಂತು. ಬ್ರಹ್ಮಪ್ಪನವರು ಇಳಿದು, ಜನ ನೋಡಿ, ಬಿರಬಿರನೆ ಬಂದರು. ಜೀವಂಧರಯ್ಯನವರು ಅವರಿಗೆ ಬಾಗಿಲಿನ ಇರುವೆ ತೋರಿಸಿದರು. ಆದರೆ ಬೀಗರ ಮುಂದೆ ಹೇಳಿಕೊಳ್ಳಲು ಅವರ ಹತ್ತಿರ ಇನ್ನೂ ಒಂದು ಹೆಮ್ಮೆ ಉಳಿದಿತ್ತು.

"ಇರುವೆ ಆದದ್ದು ಹೌದು ಬೀಗರೇ. ಆದರೆ ಗಾಳಿ ವಿಷಯ ನೀವೇ ಪರೀಕ್ಷೆ ಮಾಡಿ. ಒಳಗೆ ಅಗ್ಗಿಷ್ಟಿಕೆ ತುಂಬ ಕೆಂಡ ಇದೆ, ಸಾಂಬ್ರಾಣಿ ಹಾಕಿದ್ದಾರೆ. ಒಂದು ಚೂರು ವಾಸನೆ ಹೊರಗೆ ಬಂದಿದೆಯಾ ನೋಡಿ."

ಬ್ರಹ್ಮಪ್ಪನವರು ಮೂಗು ಎತ್ತಿ ಗಾಳಿ ಎಳೆದರು. ಜನರೂ ಎಳೆದರು. ಸಾಂಬ್ರಾಣಿಯ ವಾಸನೆ ಇರಲಿಲ್ಲ. ಭೇಷ್ ಎಂದು ಬ್ರಹ್ಮಪ್ಪನವರು ಒಪ್ಪಿಕೊಂಡರು. ಆಮೇಲೆ ಬಾಗಿಲ ಮುಂದೆ ಚಾಪೆ ಹಾಕಿಸಿ ಕೂತು, ಯಾರೂ ಇದನ್ನು ಮುಟ್ಟತಕ್ಕದ್ದಲ್ಲ, ಜೀವಿಗಳು ತಾವಾಗಿ ಹೋಗುವವರೆಗೆ ಕಾಯುವುದೇ ಧರ್ಮ ಎಂದು ತೀರ್ಪು ಕೊಟ್ಟರು. ಬೋರಮ್ಮ ಪೊರಕೆಯನ್ನು ನೆಲಕ್ಕೆ ಕುಕ್ಕಿ ಮೂಲೆಗೆ ನಿಂತಳು.

ಹೊತ್ತು ಇಳಿಯುತ್ತಿತ್ತು. ಕೆರೆಯ ನೀರು ಕೆಂಪಾಗತೊಡಗಿತು. ಸೂರ್ಯ ಮುಳುಗಿದ ಮೇಲೆ ಜೈನರ ಮನೆಯಲ್ಲಿ ಊಟವಿಲ್ಲ. ಬಾಣಂತಿಗೆ ನಿಯಮದಲ್ಲಿ ಸಡಿಲ ಉಂಟು, ಸೂರ್ಯ ಮುಳುಗಿದ ಮೇಲೂ ಉಣ್ಣಬಹುದು ಎಂದು ಹೇಳುವವರು ಉಂಟು. ಬ್ರಹ್ಮಪ್ಪನವರು ಆ ಪೈಕಿಯವರಲ್ಲ. ಸೊಸೆ ಇವತ್ತು ಉಪವಾಸವಾದರೂ ಚಿಂತೆಯಿಲ್ಲ, ಪುಣ್ಯ ಬರುತ್ತದೆ ಎಂದರು. ಹಾಲೂಡುವವಳು ಉಪವಾಸ ಇರುವುದುಂಟೇ ಎಂದು ಜೀವಂಧರಯ್ಯನವರಿಗೆ ಕೇಳಬೇಕೆನಿಸಿತು. ಬೀಗರಿಗೆ ಹೆದರಿ ಆ ಮಾತನ್ನು ಬಾಗಿಲಿನ ಕಡೆಗೆ ತಿರುಗಿಸಿದರು.

"ಚಂದ್ರಾ, ಹಸಿವಾಯಿತೇನಮ್ಮಾ?"

ಉತ್ತರ ಬರಲಿಲ್ಲ. ಮಲಗಿರಬೇಕು ಎಂದರು ಬ್ರಹ್ಮಪ್ಪನವರು. ಜೀವಂಧರಯ್ಯನವರು ಹೆಂಡತಿಯನ್ನು ಕೂಗಿದರು. ಶೀಲಾವತಮ್ಮನವರು ಗಂಡನ ಒಂದು ಮಾತಿಗೆ ಎರಡು ಮಾತು ಹೇಳದೆ ಬಿಟ್ಟ ದಿನ ಮದುವೆಯಾದಂದಿನಿಂದ ಇರಲಿಲ್ಲ. ಒಳಗಿನಿಂದ ಏನೋ ಒಂದು ನಿದ್ದೆಗಣ್ಣಿನ ಗೊಣಗಾಟ ಬಂದ ಹಾಗಾಯಿತು, ಮತ್ತೆ ನಿಂತಿತು. ಮಗುವಿನ ಸದ್ದೂ ಇರಲಿಲ್ಲ. ಸಂಜೆಯ ಹೊತ್ತಿಗೆ ತಪ್ಪದೆ ಬೀದಿ ಕೇಳುವಂತೆ ಅಳುತ್ತಿದ್ದ ಮಗು ಅದು.

ಜೀವಂಧರಯ್ಯನವರು ಬಾಗಿಲಿನ ಮುಂದೆ ನಿಂತು ಮತ್ತೊಮ್ಮೆ ಮೂಗೆಳೆದರು. ಸಾಂಬ್ರಾಣಿಯ ವಾಸನೆ ಈಗಲೂ ಇಲ್ಲ. ಹೊರಗೆ ಬರದ ಹೊಗೆ ಎಲ್ಲಿಗೆ ಹೋಯಿತು? ಕೆಂಡ ಒಳಗೆ, ಹೊಗೆ ಒಳಗೆ, ಮಗು ಒಳಗೆ. ಒಂದು ಎಳೆ ಗಾಳಿ ಹೋಗಲು ತಾವು ಸಂದು ಉಳಿಸಿರಲಿಲ್ಲ. ಅದನ್ನು ತಾವೇ ಈಗಷ್ಟೇ ಎಲ್ಲರಿಗೂ ಮೂಸಿಸಿ ತೋರಿಸಿದ್ದರು.

ಜೀವಮಾನವಿಡೀ ಅವರು ಹೆದರಿದ್ದರು, ಬಸ್ಸಿಗೆ, ಸ್ಕೈಲ್ಯಾಬಿಗೆ, ಸುಣ್ಣದ ಧೂಳಿಗೆ, ಬೀಗರಿಗೆ. ಅವೆಲ್ಲ ಹೆದರಿಕೆಯೇ ಅಲ್ಲವೆಂದು ಈಗ ಗೊತ್ತಾಯಿತು. ಅವರು ಇರುವೆಗಳಿಗೆ ಕೈಮುಗಿದರು.

"ಪಾಪ ನನ್ನ ತಲೆ ಮೇಲಿರಲಿ," ಎಂದು ಭುಜ ಕೊಟ್ಟು ಬಾಗಿಲಿಗೆ ಬಿದ್ದರು.

ಬಾಗಿಲು ಅಲುಗಲಿಲ್ಲ. ಪಾಕ ಒಣಗಿ ಕಲ್ಲಾಗಿತ್ತು. ಇನ್ನೊಂದು ಸಲ ಬಿದ್ದರು. ಇರುವೆಗಳು ಅವರ ಕುತ್ತಿಗೆ, ಕಿವಿ ಹತ್ತಿ ಕಚ್ಚತೊಡಗಿದವು. ಮೂರನೆಯ ಸಲಕ್ಕೆ ಪಕ್ಕದಲ್ಲಿ ಇನ್ನೊಂದು ಭುಜ ಬಂದು ಬಾಗಿಲಿಗೆ ತಾಗಿತು. ಅದರ ಮೇಲೆ ಅರಸೀಕೆರೆಯ ಶಾಲು ಇತ್ತು. ಬ್ರಹ್ಮಪ್ಪನವರ ಮುಖ ಸುಣ್ಣ ಬಳಿದ ಹಾಗೆ ಬಿಳುಪಾಗಿತ್ತು. ಬೀಗರಿಬ್ಬರೂ ಒಟ್ಟಿಗೆ ಗುದ್ದಿದರು. ಚೌಕಟ್ಟಿನಿಂದ ಪಾಕದ ಹೆಂಟೆ ಸಿಡಿಯಿತು, ಬಾಗಿಲು ಧಡಾರನೆ ತೆಗೆದುಕೊಂಡಿತು, ಇಬ್ಬರೂ ಇರುವೆ ಸಮೇತ ಒಳಗೆ ಬಿದ್ದರು.

ಒಳಗೆ ಹೊಗೆ ಮುಸುಕಿತ್ತು. ಮೂಲೆಯಲ್ಲಿ ಅಗ್ಗಿಷ್ಟಿಕೆ ಕೆಂಪಗೆ ಉರಿಯುತ್ತಿತ್ತು. ಶೀಲಾವತಮ್ಮ ಗೋಡೆಗೊರಗಿ ಅರೆಗಣ್ಣು ತೆರೆದು ಕೂತಿದ್ದರು. ಚಂದ್ರಪ್ರಭಾ ಮಗುವನ್ನು ಎದೆಗೆ ಒತ್ತಿಕೊಂಡು ಹಾಸಿಗೆಯಲ್ಲಿ ವಾಲಿದ್ದಳು. ಜೀವಂಧರಯ್ಯನವರು ಮಗುವನ್ನು ಎತ್ತಿಕೊಂಡರು. ಜಾರಿಬಿಟ್ಟೀತೆಂಬ ಯೋಚನೆ ಅವರಿಗೆ ಬರಲಿಲ್ಲ. ಮಗು ಕೈಯಲ್ಲಿ ಬಟ್ಟೆಯ ಹಾಗೆ ಹಗುರವಾಗಿತ್ತು. ನಡುಮನೆ ದಾಟಿ, ಜಗಲಿ ದಾಟಿ, ಕೆರೆಯ ಗಾಳಿ ಬೀಸುತ್ತಿದ್ದ ಅಂಗಳಕ್ಕೆ ಓಡಿದರು. ಹಿಂದೆಯೇ ಬ್ರಹ್ಮಪ್ಪನವರು ಸೊಸೆಯನ್ನು ತೋಳು ಕೊಟ್ಟು ನಡೆಸಿಕೊಂಡು ಬಂದರು. ಮದುವೆಯಾದಾಗಿನಿಂದ ಸೊಸೆಯ ಎದುರು ನಿಂತು ನಾಲ್ಕು ಮಾತಾಡದಿದ್ದ ಮಾವ. ಶೀಲಾವತಮ್ಮನವರನ್ನು ಇನ್‌ಸ್ಪೆಕ್ಟರೂ ನೆರೆಯವರೂ ಎತ್ತಿ ತಂದರು.

ಮಗು ಅಳಲಿಲ್ಲ. ಬೋರಮ್ಮ ಬಂದು ಅವರ ಕೈಯಿಂದ ಕಿತ್ತುಕೊಂಡು, ಸುತ್ತಿದ್ದ ಬಟ್ಟೆಯನ್ನೆಲ್ಲ ಬಿಚ್ಚಿ, ಬೋರಲು ಹಾಕಿ ಬೆನ್ನು ಉಜ್ಜಿದಳು. ಉಜ್ಜಿದಳು, ಉಜ್ಜಿದಳು, ಕಾಲು ಹಿಡಿದು ಪಾದಕ್ಕೆ ತಟ್ಟಿದಳು. ಮಗು ಮುಖ ಕಿವಿಚಿತು. ಆಮೇಲೆ ಬೀದಿ ಕೇಳುವಂತೆ ಅತ್ತಿತು. ಆ ಸದ್ದಿಗೆ ಶೀಲಾವತಮ್ಮನವರೂ ಕಣ್ಣು ಬಿಟ್ಟು ಎದ್ದು ಕೂತರು.

ಜೀವಂಧರಯ್ಯನವರು ಕೂತಲ್ಲೇ ಕೂತು ಬಿಕ್ಕಿಬಿಕ್ಕಿ ಅತ್ತರು. ಕುತ್ತಿಗೆಯ ಮೇಲೆ ಇರುವೆಗಳು ಇನ್ನೂ ಕಚ್ಚುತ್ತಿದ್ದವು, ಅವರು ಕೈಯೆತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬ್ರಹ್ಮಪ್ಪನವರು, ಬಾಗಿಲು ತೆಗೆದದ್ದು ತಮ್ಮ ಬಲದಿಂದ, ಆದ್ದರಿಂದ ಆ ಜೀವಗಳ ಪಾಪ ತಮಗೆ ಸೇರುತ್ತದೆ ಎಂದರು. ಬೀಗರ ಮಾತಿಗೆ ಎಂದೂ ಎದುರಾಡದ ಜೀವಂಧರಯ್ಯನವರು ಮೂಗು ಒರೆಸಿಕೊಂಡು, ಮನೆ ತಮ್ಮದು, ಪಾಕ ತಮ್ಮದು, ಮೊದಲ ಗುದ್ದೂ ತಮ್ಮದು, ಪಾಪವನ್ನು ಒಂದು ಚೂರೂ ಬಿಟ್ಟುಕೊಡುವುದಿಲ್ಲ ಎಂದರು. ಜಮೀನಿನ ವ್ಯಾಜ್ಯದಂತೆ ಮಾತು ಬೆಳೆಯಿತು. ಅರ್ಧರ್ಧ ಮಾಡ್ಕಳಿ ಎಂದು ಬೋರಮ್ಮ ರಾಜಿ ಮಾಡಿಸಿದಳು.

ರಾಜಿಯಾದ ಮೇಲೆ ಬ್ರಹ್ಮಪ್ಪನವರಿಗೆ ತಾವು ಬಂದ ಕೆಲಸ ನೆನಪಾಯಿತು. ಬಾಣಂತಿ, ಕೂಸು, ಇಬ್ಬರೂ ತೆರೆದ ಜಗಲಿಯಲ್ಲಿ ಕೆರೆಯ ಗಾಳಿಗೆ ಕೂತಿದ್ದರು. ಬೆಳಗಿನ ಬಸ್ಸಿಗೆ ಇಬ್ಬರನ್ನೂ ಅರಸೀಕೆರೆಗೆ ಕರೆದುಕೊಂಡು ಹೋಗುತ್ತೇನೆ ಎಂದರು. ಜೀವಂಧರಯ್ಯನವರು ತಲೆ ತಗ್ಗಿಸಿದರು. ಕರೆದುಕೊಂಡು ಹೋಗಿ ಬೀಗರೇ, ನನ್ನ ಕೈಯಲ್ಲಿ ಉಳಿದದ್ದೇ ಹೆಚ್ಚು ಎಂದು ಮೆಲ್ಲಗೆ ಹೇಳಿದರು.

ಚಂದ್ರಪ್ರಭಾ ಜಗಲಿಯ ಕಂಬಕ್ಕೆ ಒರಗಿ ಮಗುವಿಗೆ ಹಾಲೂಡಿಸುತ್ತಿದ್ದಳು. ಕಿವಿಗೆ ಬಿಗಿದಿದ್ದ ಉಲ್ಲನ್ ಪಟ್ಟಿಯನ್ನು ನಿಧಾನವಾಗಿ ಬಿಚ್ಚಿ ಪಕ್ಕಕ್ಕಿಟ್ಟಳು. ಕಿವಿಯ ಹತ್ತಿ ತೆಗೆದಳು. ಗಾಳಿ ಅವಳ ಕೂದಲನ್ನು ಎತ್ತಿ ಹಾರಿಸಿತು.

"ನಾನು ಎಲ್ಲಿಗೂ ಬರೋದಿಲ್ಲ ಮಾವ," ಎಂದಳು. "ಅಪ್ಪನಿಗೂ ಹೇಳ್ತಿದ್ದೀನಿ, ನಿಮಗೂ ಹೇಳ್ತಿದ್ದೀನಿ. ಈ ಮಗು ಹುಟ್ಟಿದಾಗಿಂದ ನೀವಿಬ್ಬರೂ ಸೇರಿ ಇದನ್ನ ಉಸಿರಾಡೋಕೆ ಬಿಟ್ಟಿರೋದು ಇವತ್ತೇ ಮೊದಲು. ನಂಗೆ ಹಸಿವಾಗಿದೆ. ಯಾರಾದರೂ ಊಟ ತನ್ನಿ."

ಸೂರ್ಯ ಕೆರೆಯ ಏರಿಯ ಮೇಲೆ ಇನ್ನೂ ಒಂದು ಗೇಣು ಇತ್ತು. ಜೀವಂಧರಯ್ಯನವರು ಬಿದ್ದೆದ್ದು ಅಡಿಗೆಮನೆಗೆ ಓಡಿ ಮೆಣಸಿನ ಸಾರಿನ ಅನ್ನವನ್ನು ತುಪ್ಪ ಸುರಿದು ತಂದರು. ಅವಳು ಗಾಳಿಯಲ್ಲೇ ಕೂತು ತಟ್ಟೆ ಖಾಲಿ ಮಾಡಿದಳು. ಬ್ರಹ್ಮಪ್ಪನವರು ಶಾಲು ಬಿಚ್ಚಿ ಮಗುವಿಗೆ ಹೊದಿಸಲು ಒಂದು ಹೆಜ್ಜೆ ಮುಂದಿಟ್ಟರು, ಸೊಸೆ ಕತ್ತೆತ್ತಿ ನೋಡಿದಳು, ಅವರು ಅಲ್ಲೇ ನಿಂತರು. ಆಮೇಲೆ ಆ ಶಾಲನ್ನು ತಮ್ಮ ಕಿವಿಗೇ ಸುತ್ತಿಕೊಂಡು, ಜಗಲಿಯ ಆ ತುದಿಯಲ್ಲಿ, ಚಳಿಗೆ ನಡುಗುತ್ತಿದ್ದ ಜೀವಂಧರಯ್ಯನವರ ಪಕ್ಕ ಹೋಗಿ ಕೂತರು.